ಎಂಟು ವಾರದ ಮಗನಿಗೆ ಟೆಸ್ಟೊಸ್ಟೆರಾನ್ ಇಂಜೆಕ್ಷನ್ ಕೊಡಿಸಬೇಕಾ? ಎಕ್ಸ್‌ಎಕ್ಸ್‌ವೈ ಮಕ್ಕಳ ಅಪ್ಪ-ಅಮ್ಮಂದಿರು ದಯವಿಟ್ಟು ಹೇಳಿ

ಡೆನ್ವರ್ ಬಾಣಂತಿ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಮ್ಮೂರು ಅರಸೀಕೆರೆ ಕಡೆ, ಐದು ವರ್ಷದಿಂದ ಕೊಲರಾಡೊದಲ್ಲಿದ್ದೇವೆ. ಪುಟ್ಟ ಈಗ ತಾನೇ ಮಲಗಿದ. ಅವನು ಏಳುವುದರೊಳಗೆ ಬರೆದು ಮುಗಿಸುತ್ತೇನೆ.

ನಾನು ಬಸುರಿ ಇದ್ದಾಗ ಹನ್ನೊಂದನೇ ವಾರಕ್ಕೆ, ಮಗುವಿನ ಕ್ರೋಮೋಸೋಮ್ ನೋಡುವ ಎನ್‌ಐಪಿಟಿ ರಕ್ತಪರೀಕ್ಷೆ ಮಾಡಿಸಿದ್ದೆವು. ಅದರಲ್ಲಿ ಎಕ್ಸ್‌ಎಕ್ಸ್‌ವೈ ಇರುವ ಸಾಧ್ಯತೆ ಅಂತ ಬಂತು, ಅಂದರೆ ಗಂಡುಮಗುವಿಗೆ ಒಂದು ಎಕ್ಸ್ ಕ್ರೋಮೋಸೋಮ್ ಜಾಸ್ತಿ. ಲಿಂಗದ ಕ್ರೋಮೋಸೋಮಿನ ವಿಷಯದಲ್ಲಿ ಆ ಪರೀಕ್ಷೆ ಎಷ್ಟೋ ಸಲ ತಪ್ಪಾಗುತ್ತದೆ ಅಂದರು. ಹೊಟ್ಟೆಗೆ ಸೂಜಿ ಹಾಕುವ ಅಮ್ನಿಯೋ ಬೇಡ ಅಂದುಕೊಂಡು ಸುಮ್ಮನಾದೆವು. ಮಗ ಹುಟ್ಟಿದ ಮೇಲೆ ರಕ್ತ ತೆಗೆದು ಕ್ರೋಮೋಸೋಮ್ ಎಣಿಸುವ ಕ್ಯಾರಿಯೋಟೈಪ್ ಪರೀಕ್ಷೆ ಮಾಡಿದರು. 47,ಎಕ್ಸ್‌ಎಕ್ಸ್‌ವೈ ಅಂತ ಗಟ್ಟಿಯಾಯಿತು. ಕ್ಲೈನ್‌ಫೆಲ್ಟರ್ ಸಿಂಡ್ರೋಮ್ ಅಂತ ಅದಕ್ಕೆ ಹೆಸರು.

ಈಗ ಎಂಟು ವಾರ. ಹಾಲು ಚೆನ್ನಾಗಿ ಕುಡಿಯುತ್ತಾನೆ. ಮುಖ ನೋಡಿ ನಗುತ್ತಾನೆ. ಗುರುವಾರ ಹಾರ್ಮೋನ್ ಡಾಕ್ಟರ ಹತ್ತಿರ ಹೋಗಿದ್ದೆವು. ತಿಂಗಳಿಗೊಂದರಂತೆ ಮೂರು ಇಂಜೆಕ್ಷನ್, ಒಂದೊಂದು 25 ಮಿ.ಗ್ರಾಂ. ಟೆಸ್ಟೊಸ್ಟೆರಾನ್ ಅನ್ನುವ ಗಂಡು ಹಾರ್ಮೋನ್, ಬೇಕಾದರೆ ಕೊಡಬಹುದು ಅಂದರು. ಬೇಕೇ ಬೇಕು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. "ಯೋಚಿಸಿ ಹೇಳಿ" ಅಂದರು. ಯೋಚಿಸುವುದಕ್ಕೆ ನನಗೆ ಏನು ಗೊತ್ತಿದೆ?

ನನ್ನ ಯಜಮಾನರು ಕೊಡಿಸೋಣ ಅನ್ನುತ್ತಾರೆ. ಮಾತು, ಬುದ್ಧಿ ಚುರುಕಾಗುತ್ತದೆ, ಮೂರು ತಿಂಗಳು ದಾಟಿದರೆ ಮತ್ತೆ ಈ ಸಮಯ ಸಿಗಲ್ಲ ಅಂತ ಎಲ್ಲೋ ಓದಿದ್ದಾರೆ. ನನಗೆ ಭಯ. ಇಷ್ಟು ಚಿಕ್ಕ ಕೂಸಿಗೆ ಹಾರ್ಮೋನ್ ಅಂದರೆ ಎದೆ ಹೊಡೆದುಕೊಳ್ಳುತ್ತದೆ. ಅತ್ತೆ ಬಾಣಂತನಕ್ಕೆ ಬಂದಿದ್ದಾರೆ, ದಿನಾ ಎಣ್ಣೆ ಹಚ್ಚಿ ನೀರು ಹಾಕುತ್ತಾರೆ. ಅವರಿಗೆ ಇನ್ನೂ ಏನೂ ಹೇಳಿಲ್ಲ.

ಇನ್ನೊಂದು ವಿಷಯ. ಇಂಥ ಮಕ್ಕಳಿಗೆ ಮಾತು ತಡ ಆಗಬಹುದು, ಮನೆಯಲ್ಲಿ ಇಂಗ್ಲಿಷ್ ಒಂದೇ ಇರಲಿ ಅಂತ ಒಬ್ಬರು ಸಲಹೆ ಕೊಟ್ಟರು. ಅದೂ ನಿಜವಾ?

ನ್ಯೂಜೆರ್ಸಿ ಮಲೆನಾಡು · ಸೋಮವಾರ

ತಂಗಿ, ಮೊದಲು ಬಾಣಂತನ ಚೆನ್ನಾಗಿ ಮಾಡಿಸಿಕೊ. ನನ್ನ ಮಗನಿಗೂ ಎಕ್ಸ್‌ಎಕ್ಸ್‌ವೈ, ಈಗ ಆರು ವರ್ಷ. ನಾವು ಮೂರೂ ಇಂಜೆಕ್ಷನ್ ಕೊಡಿಸಿದೆವು.

ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಇಲ್ಲಿ ಟೆಸ್ಟೊಸ್ಟೆರಾನ್ ಸರ್ಕಾರದ ನಿಯಂತ್ರಣದಲ್ಲಿರುವ ಔಷಧಿ. ಹುಟ್ಟಿದ ದಿನಾಂಕ ನೋಡಿ ಫಾರ್ಮಸಿಯವರು ಚೀಟಿ ಹಿಡಿದುಕೊಂಡೇ ನಿಂತುಬಿಟ್ಟರು, ಡಾಕ್ಟರಿಗೆ ಫೋನ್ ಮಾಡಿ ಕೇಳಿದ ಮೇಲೆಯೇ ಕೊಟ್ಟಿದ್ದು. ನಿನಗೂ ಹಾಗಾದರೆ ಗಾಬರಿ ಬೀಳಬೇಡ. ಔಷಧಿ ಎಣ್ಣೆಯಲ್ಲಿ ಇರುತ್ತದೆ, ಗಟ್ಟಿ. ನರ್ಸ್ ಆ ಪುಟ್ಟ ಬಾಟಲಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಬಿಸಿ ಮಾಡಿದರು. ನಮ್ಮ ಬಾಟಲಿ ಮೇಲೆ ಒಂದು ಮಿ.ಲೀ.ಗೆ 200 ಮಿ.ಗ್ರಾಂ. ಅಂತ ಇತ್ತು, ಅಂದರೆ ಮಗುವಿಗೆ ಬೇಕಾದದ್ದು 0.125 ಮಿ.ಲೀ. ಸಿರಿಂಜಿನಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು. ತೊಡೆಗೆ ಕೊಟ್ಟರು. ಲಸಿಕೆಗೆ ಅಳುವಷ್ಟೇ ಅತ್ತ.

ಎರಡನೇ ಇಂಜೆಕ್ಷನ್ ಆದ ಮೇಲೆ ಕೆಳಗೆ ನಾಲ್ಕೈದು ಕೂದಲು ಬಂದವು. ಡಯಾಪರ್ ಬದಲಿಸುವಾಗ ಮರ್ಮಾಂಗ ಗಟ್ಟಿಯಾಗುತ್ತಿತ್ತು. ಆ ಎರಡು ತಿಂಗಳು ನನ್ನ ಅಮ್ಮನ ಕೈಲಿ ಡಯಾಪರ್ ಬದಲಿಸಲು ಬಿಡಲಿಲ್ಲ, ಅಷ್ಟು ಸಂಕೋಚ ಆಗಿತ್ತು. ಔಷಧಿ ನಿಂತ ಮೇಲೆ ಎಲ್ಲ ತಾನಾಗಿ ಹೋಯಿತು.

ಆದರೆ ಒಂದು ಮಾತು. ನಮ್ಮ ಮಗನಿಗೆ ಮರ್ಮಾಂಗ ತುಂಬಾ ಚಿಕ್ಕದಿತ್ತು. ಆ ಕಾರಣಕ್ಕೇ ಕೊಟ್ಟದ್ದು, ಅದಕ್ಕೆ ಚೆನ್ನಾಗಿ ಕೆಲಸ ಮಾಡಿತು. ಈಗ ಅವನು ಚೆನ್ನಾಗಿ ಮಾತಾಡುತ್ತಾನೆ, ಓದುತ್ತಾನೆ. ಅದು ಇಂಜೆಕ್ಷನ್ನಿಂದಲೇ ಅಂತ ನಾನು ಹೇಳಲ್ಲ. ಒಂಬತ್ತು ತಿಂಗಳಿಂದ ಸ್ಪೀಚ್ ಥೆರಪಿ ಕೂಡ ಮಾಡಿಸಿದ್ದೇವೆ.

ಮಕ್ಕಳ ಹಾರ್ಮೋನ್ ಡಾಕ್ಟರ್ · ಸೋಮವಾರ

ಬಾಣಂತಿ ಅವರೇ, ನಾನು ಇದೇ ವಿಭಾಗದಲ್ಲಿ ಕೆಲಸ ಮಾಡುವವಳು. ನಿಮ್ಮ ಮಗುವನ್ನು ನಾನು ನೋಡಿಲ್ಲ, ಹಾಗಾಗಿ ತೀರ್ಮಾನ ಹೇಳಲ್ಲ. ಆದರೆ ತೀರ್ಮಾನ ಮಾಡಲು ಬೇಕಾದದ್ದನ್ನು ಹೇಳಬಲ್ಲೆ.

ಗಂಡುಮಗು ಹುಟ್ಟಿದ ಒಂದೆರಡು ವಾರಕ್ಕೆ ಅದರ ವೃಷಣಗಳು ತಾವಾಗಿಯೇ ಟೆಸ್ಟೊಸ್ಟೆರಾನ್ ಮಾಡಲು ಶುರು ಮಾಡುತ್ತವೆ. ಒಂದರಿಂದ ಮೂರು ತಿಂಗಳ ನಡುವೆ ಅದು ತುಂಬಾ ಮೇಲಿರುತ್ತದೆ. ಆರು ತಿಂಗಳ ಹೊತ್ತಿಗೆ ಇಳಿದು, ಮತ್ತೆ ಹತ್ತು-ಹನ್ನೆರಡು ವರ್ಷದವರೆಗೆ ತಣ್ಣಗಿರುತ್ತದೆ. ಇದಕ್ಕೆ ಮಿನಿ ಪ್ಯುಬರ್ಟಿ ಅನ್ನುತ್ತಾರೆ. ನಿಮ್ಮ ಯಜಮಾನರು ಓದಿದ "ಮೂರು ತಿಂಗಳು" ಇಲ್ಲಿಂದ ಬಂದದ್ದು. ಎಕ್ಸ್‌ಎಕ್ಸ್‌ವೈ ಮಕ್ಕಳಲ್ಲಿ ಈ ಸಮಯದಲ್ಲಿ ಹಾರ್ಮೋನ್ ಕಡಿಮೆ ಇರುತ್ತದೆ, ಅದನ್ನು ಹೊರಗಿಂದ ತುಂಬಿಸಿದರೆ ಮಿದುಳಿಗೂ ಮೈಗೂ ಒಳ್ಳೆಯದು ಅನ್ನುವುದು ಆ ವಾದ.

ಮೊದಲ ತೊಡಕು ಇಲ್ಲೇ ಇದೆ. 2004ರಲ್ಲಿ ಫ್ರಾನ್ಸಿನ ತಂಡ ಅಳೆದಾಗ ಈ ಮಕ್ಕಳಲ್ಲಿ ಟೆಸ್ಟೊಸ್ಟೆರಾನ್ ಕಡಿಮೆ ಸಿಕ್ಕಿತು. 2007ರಲ್ಲಿ ಡೆನ್ಮಾರ್ಕಿನವರು ಅಳೆದಾಗ ಮಾಮೂಲಿ ಮಟ್ಟದಲ್ಲೇ, ಅದೂ ಮೇಲಿನ ಕಡೆಗೇ ಸಿಕ್ಕಿತು. ಕೊರತೆ ಇದೆಯೋ ಇಲ್ಲವೋ ಅನ್ನುವುದರಲ್ಲೇ ಒಮ್ಮತ ಇಲ್ಲ.

ಎರಡನೆಯದು ಬುದ್ಧಿ, ಮಾತಿನ ಪ್ರಶ್ನೆ. ಅಮೆರಿಕದ ಕ್ಯಾರೊಲ್ ಸಮಾಂಗೊ-ಸ್ಪ್ರೌಸ್ ಅವರ ತಂಡ 2013ರಲ್ಲಿ ಒಂದು ಲೇಖನ ಪ್ರಕಟಿಸಿತು. ಎಳವೆಯಲ್ಲಿ ಇಂಜೆಕ್ಷನ್ ಪಡೆದ ಎಕ್ಸ್‌ಎಕ್ಸ್‌ವೈ ಮಕ್ಕಳು, ಪಡೆಯದವರಿಗಿಂತ ಮುಂದೆ ಮಾತು-ಬುದ್ಧಿಯ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದರು ಅಂತ ಅದರಲ್ಲಿತ್ತು. ಬಹಳ ಅಪ್ಪ-ಅಮ್ಮಂದಿರಿಗೆ ಆಸೆ ಹುಟ್ಟಿದ್ದು ಅದರಿಂದ. ಆದರೆ ಯಾವ ಮಗುವಿಗೆ ಔಷಧಿ ಅಂತ ಚೀಟಿ ಎತ್ತಿ ನಿರ್ಧರಿಸಿರಲಿಲ್ಲ. ಡಾಕ್ಟರು ಮತ್ತು ಅಪ್ಪ-ಅಮ್ಮ ಸೇರಿ ನಿರ್ಧರಿಸಿದ್ದರು. ಅಷ್ಟು ಮುತುವರ್ಜಿಯಿಂದ ಇಂಜೆಕ್ಷನ್ ಕೊಡಿಸಿದ ಮನೆಯವರು ಕಥೆ ಓದಿ ಹೇಳಿರುತ್ತಾರೆ, ಥೆರಪಿಗೂ ಕರೆದೊಯ್ದಿರುತ್ತಾರೆ. ಮಗು ಮುಂದೆ ಬಂದದ್ದು ಯಾವುದರಿಂದ ಅಂತ ಬೇರೆ ಮಾಡಿ ತೋರಿಸಲು ಆಗಲ್ಲ. ಮೇಲೆ ಮಲೆನಾಡಿನವರು ಹೇಳಿದ್ದೂ ಇದನ್ನೇ ಅಲ್ವಾ?

ಚೀಟಿ ಎತ್ತಿ ಮಾಡಿದ ಅಧ್ಯಯನ ನಿಮ್ಮ ಕೊಲರಾಡೊದ್ದೇ. ಅಲ್ಲಿನ ಮಕ್ಕಳ ಆಸ್ಪತ್ರೆಯ ಶಾನ್ಲೀ ಡೇವಿಸ್ ಅವರ ತಂಡ 20 ಕೂಸುಗಳಲ್ಲಿ ಮಾಡಿ 2019ರಲ್ಲಿ ಪ್ರಕಟಿಸಿತು. ನಿಮಗೆ ಹೇಳಿರುವ ಪ್ರಮಾಣವೇ, 25 ಮಿ.ಗ್ರಾಂ. ಮೂರು ಸಲ. ಔಷಧಿ ಪಡೆದ ಮಕ್ಕಳಲ್ಲಿ ಮೈಯ ಕೊಬ್ಬಿನ ಪಾಲು ಕಡಿಮೆ ಇತ್ತು, ಬೆಳವಣಿಗೆ ಸ್ವಲ್ಪ ಜಾಸ್ತಿ ಇತ್ತು. ಅದು ನೋಡಿದ್ದು ಮೈಕಟ್ಟನ್ನು. ಐದು ವರ್ಷದಲ್ಲಿ ಮಗು ಹೇಗೆ ಮಾತಾಡುತ್ತದೆ ಅನ್ನುವುದನ್ನಲ್ಲ.

ಇನ್ನೊಂದನ್ನು ಮರೆಯಬೇಡಿ. ಹೊರಗಿಂದ ಟೆಸ್ಟೊಸ್ಟೆರಾನ್ ಬಂದರೆ ಮಿದುಳಿನಿಂದ ವೃಷಣಕ್ಕೆ ಹೋಗುವ ಸೂಚನೆ ಕಡಿಮೆಯಾಗುತ್ತದೆ. ವೃಷಣ ಸ್ವಂತವಾಗಿ ಕೆಲಸ ಮಾಡುವ ತಿಂಗಳುಗಳಲ್ಲೇ ನಾವು ಅದನ್ನು ತಡೆದ ಹಾಗೆ. ಈ ಮಕ್ಕಳ ವೃಷಣ ಮೊದಲೇ ಸೂಕ್ಷ್ಮ. ಹಾಗಾಗಿ ಎಕ್ಸ್‌ಎಕ್ಸ್‌ವೈ ಇದ್ದ ಮಾತ್ರಕ್ಕೆ ಎಲ್ಲ ಕೂಸಿಗೂ ಕೊಡುವ ಪದ್ಧತಿ ಇಲ್ಲ.

ಸ್ಪಷ್ಟ ಕಾರಣ ಒಂದೇ, ಮರ್ಮಾಂಗ ತೀರಾ ಚಿಕ್ಕದಿರುವುದು. ನಿಮ್ಮ ಡಾಕ್ಟರು ಅಳತೆ ತೆಗೆದರಾ? ತುಂಬು ತಿಂಗಳಿಗೆ ಹುಟ್ಟಿದ ಮಗುವಿಗೆ ಎಳೆದು ಅಳೆದರೆ ಸರಾಸರಿ 3.5 ಸೆಂ.ಮೀ. ಹುಟ್ಟುವಾಗ 2.5ಕ್ಕಿಂತ ಕಡಿಮೆ ಇದ್ದರೆ ಚಿಕಿತ್ಸೆಯ ಮಾತು ಬರುತ್ತದೆ.

ಬೆಂಗಳೂರು ಅಪ್ಪ · ಸೋಮವಾರ ರಾತ್ರಿ

ಡಾಕ್ಟ್ರೇ, ನಿಮ್ಮ ಮಾತು ಓದಿ ಸ್ವಲ್ಪ ಸಂಕಟ ಆಯಿತು. ನನ್ನ ಮಗನಿಗೆ ಗೊತ್ತಾದದ್ದು ನಾಲ್ಕನೇ ವರ್ಷಕ್ಕೆ. ಮಾತು ಬರಲಿಲ್ಲ ಅಂತ ಊರೆಲ್ಲ ಸುತ್ತಿದೆವು. "ಗಂಡುಮಕ್ಕಳು ತಡ, ನಿಮ್ಮಪ್ಪನೂ ತಡವಾಗಿ ಮಾತಾಡಿದ್ದು" ಅಂತ ಎಲ್ಲರೂ ಹೇಳಿದರು. ಕೊನೆಗೆ ಒಬ್ಬರು ಕ್ಯಾರಿಯೋಟೈಪ್ ಬರೆದುಕೊಟ್ಟರು. ಈ ಇಂಜೆಕ್ಷನ್ ವಿಷಯ ಓದಿದಾಗಿಂದ ರಾತ್ರಿ ನಿದ್ದೆ ಬರಲ್ಲ. ಆಗಲೇ ಗೊತ್ತಿದ್ದರೆ ಕೊಡಿಸುತ್ತಿದ್ದೆ. ಮೂರೇ ಇಂಜೆಕ್ಷನ್, ದೊಡ್ಡ ತೊಂದರೆ ಇಲ್ಲ ಅಂದ ಮೇಲೆ ಕೊಡಿಸಿದರೆ ಏನು ನಷ್ಟ? ಸಾಬೀತಾಗುವವರೆಗೆ ಕಾಯ್ತಾ ಕೂತರೆ ಮಗು ಬೆಳೆದು ಹೋಗುತ್ತದೆ. ಈಗಲಾದರೂ ಕೊಡಬಹುದಾ?

ಮಕ್ಕಳ ಹಾರ್ಮೋನ್ ಡಾಕ್ಟರ್ · ಮಂಗಳವಾರ

ಸರ್, ನಿಮ್ಮ ನಿದ್ದೆ ಕೆಡಿಸಿದ್ದು ಯಾರೂ ಸಾಬೀತು ಮಾಡದ ಒಂದು ಆಸೆ. ನಿಮ್ಮ ಮಗನಿಗೆ ಸಿಗಬೇಕಿದ್ದ ಯಾವುದನ್ನೂ ನೀವು ಕಳೆದಿಲ್ಲ. ದಯವಿಟ್ಟು ಈ ಭಾರ ಇಳಿಸಿ.

ಈಗ ಕೊಡುವ ಬಗ್ಗೆ. ನಾಲ್ಕರಿಂದ ಹನ್ನೆರಡು ವರ್ಷದ ಎಕ್ಸ್‌ಎಕ್ಸ್‌ವೈ ಹುಡುಗರಿಗೆ ಆಕ್ಸಾಂಡ್ರೊಲೋನ್ ಅನ್ನುವ ಇನ್ನೊಂದು ಗಂಡು ಹಾರ್ಮೋನ್ ಮಾತ್ರೆಯನ್ನು ಎರಡು ವರ್ಷ ಕೊಟ್ಟು ನೋಡಿದ್ದಾರೆ. ಜುಡಿತ್ ರಾಸ್ ಅವರ ತಂಡ, ಪ್ರಕಟವಾದದ್ದು 2017ರಲ್ಲಿ. ಅರ್ಧ ಮಕ್ಕಳಿಗೆ ಔಷಧಿ ಇಲ್ಲದ ಮಾತ್ರೆ. ಕಣ್ಣು-ಕೈ ಹೊಂದಿಸಿ ಮಾಡುವ ಕೆಲಸ ಸುಧಾರಿಸಿತು, ಆತಂಕ ಸ್ವಲ್ಪ ಕಡಿಮೆಯಾಯಿತು. ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ವ್ಯತ್ಯಾಸ ಬರಲಿಲ್ಲ. ಔಷಧಿ ಪಡೆದವರಲ್ಲಿ ಪ್ರೌಢಾವಸ್ಥೆ ಬೇಗ ಶುರುವಾಗುವುದು ಜಾಸ್ತಿ ಕಂಡಿತು. ನಾಲ್ಕು ವರ್ಷದ ಮಗುವಿಗೆ ನಾನಂತೂ ಕೊಡಲ್ಲ. ಹತ್ತು ವರ್ಷ ಆಗುತ್ತಿದ್ದ ಹಾಗೆ ಹಾರ್ಮೋನ್ ಡಾಕ್ಟರಿಗೆ ತೋರಿಸಿ. ಆಗ ನಿಜವಾಗಿ ಬೇಕಾಗಬಹುದು.

ಮೈಸೂರು ಮಾತು ಟೀಚರ್ · ಮಂಗಳವಾರ

ನಾನು ಸ್ಪೀಚ್ ಥೆರಪಿಸ್ಟ್, ಓದಿದ್ದು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ. ಇಂಜೆಕ್ಷನ್ ನನ್ನ ವಿಷಯ ಅಲ್ಲ. ಬಾಣಂತಿ ಅವರ ಕೊನೆಯ ಪ್ರಶ್ನೆ ನನ್ನ ವಿಷಯ, ಅದಕ್ಕೆ ಬಂದೆ.

ಕನ್ನಡ ಬಿಡಬೇಡಿ. ಎರಡು ಭಾಷೆ ಕೇಳಿದ್ದಕ್ಕೆ ಯಾವ ಮಗುವಿನ ಮಾತೂ ತಡ ಆಗಲ್ಲ. ಮಾತು ತಡ ಇರುವ ಮಗುವಿಗೆ ಎರಡು ಭಾಷೆ ಹೊರೆಯೂ ಅಲ್ಲ. ನಿಮಗೆ ಬಾಯ್ತುಂಬ ಬರುವ ಭಾಷೆ ಬಿಟ್ಟು ಆಫೀಸ್ ಇಂಗ್ಲಿಷಿನಲ್ಲಿ ಮಗುವನ್ನು ಮುದ್ದು ಮಾಡಲು ಹೋದರೆ ಮನೆಯಲ್ಲಿ ಮಾತೇ ಕಡಿಮೆಯಾಗುತ್ತದೆ. ನಷ್ಟ ಅದು. ನಿಮ್ಮ ಅತ್ತೆ ನೀರು ಹಾಕುವಾಗ ಸುಮ್ನೆ ಇರುತ್ತಾರಾ? "ಕೈ ಎಲ್ಲಿ ಕಂದಾ, ಕಾಲೆಲ್ಲಿ, ಅಗೋ ಹೊಟ್ಟೆ" ಅಂತ ಹೇಳುತ್ತಲೇ ಇರುತ್ತಾರೆ. ಒಂದೊಂದು ಅಂಗ ಮುಟ್ಟಿ, ಹೆಸರು ಹೇಳಿ, ಮಗುವಿನ ಮುಖ ನೋಡಿ ಕಾಯುವುದು. ನಾವು ಕ್ಲಿನಿಕ್ಕಿನಲ್ಲಿ ಅಮ್ಮಂದಿರಿಗೆ ಕಲಿಸುವುದು ಇದನ್ನೇ. ಕಾಯುವುದು ಮುಖ್ಯ. ಎಕ್ಸ್‌ಎಕ್ಸ್‌ವೈ ಮಕ್ಕಳಿಗೆ ಎಷ್ಟೋ ಸಲ ಅರ್ಥ ಆಗಿರುತ್ತದೆ, ಉತ್ತರ ಬಾಯಿಗೆ ಬರಲು ಹೊತ್ತು ಬೇಕು. ನಾವು ದೊಡ್ಡವರು ಕಾಯದೆ ನಾವೇ ಹೇಳಿಬಿಡುತ್ತೇವೆ.

ಅಮೆರಿಕದಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಅರ್ಲಿ ಇಂಟರ್ವೆನ್ಷನ್ ಅಂತ ರಾಜ್ಯ ಸರ್ಕಾರದ ಸೇವೆ ಇದೆ. ಈಗಲೇ ಹೆಸರು ಬರೆಸಿ, ಮಾತು ತಡ ಆಗುವವರೆಗೆ ಕಾಯಬೇಡಿ. ಕಿವಿ ಪರೀಕ್ಷೆಯೂ ಆಗಲಿ. ಬೆಂಗಳೂರು ಅಪ್ಪ, ನಿಮ್ಮ ಮಗನಿಗೆ ನಾಲ್ಕು ವರ್ಷ ತಡ ಏನಲ್ಲ. ನನ್ನ ಹತ್ತಿರ ಐದಕ್ಕೆ ಬಂದವರೂ ಇದ್ದಾರೆ.

ಎಕ್ಸ್‌ಎಕ್ಸ್‌ವೈ 38 · ಬುಧವಾರ

ಇಲ್ಲಿ ಎಲ್ಲರೂ ಅಪ್ಪ-ಅಮ್ಮಂದಿರು. ನಾನು ಆ ಮಗು. ಈಗ 38 ವರ್ಷ, ಊರು ಶಿವಮೊಗ್ಗ.

ನನಗೆ ಗೊತ್ತಾದದ್ದು 31ಕ್ಕೆ. ಮಕ್ಕಳಾಗಲಿಲ್ಲ ಅಂತ ಒಂದು ಕ್ಲಿನಿಕ್ಕಿಗೆ ಹೋಗಿದ್ದೆವು. ಡಾಕ್ಟರು ರಿಪೋರ್ಟನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿ "ನಿಮಗೆ ಆಗಲ್ಲ" ಅಂದರು. ಅಷ್ಟೇ. ಹೊರಗೆ ಹೆಂಡತಿ ಟೋಕನ್ ಹಿಡಿದು ಕೂತಿದ್ದಳು. ಆ ಬಾಗಿಲಿನಿಂದ ಅವಳ ಕುರ್ಚಿಗೆ ಹತ್ತು ಹೆಜ್ಜೆ. ಏನು ಹೇಳುವುದು ಅಂತ ತಿಳಿಯದೆ ನೀರಿನ ಫಿಲ್ಟರ್ ಹತ್ತಿರ ನಿಂತುಕೊಂಡೆ.

ಆಮೇಲೆ ಇನ್ನೊಬ್ಬ ಡಾಕ್ಟರು ಕೂರಿಸಿ ಹೇಳಿದರು. ಮೈಕ್ರೋಸ್ಕೋಪ್ ಇಟ್ಟು ವೃಷಣದೊಳಗೆ ವೀರ್ಯಾಣು ಹುಡುಕುವ ಆಪರೇಷನ್ ಇದೆ, ನನ್ನಂಥವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಸಿಗುತ್ತದೆ ಅಂತ. ನನಗೆ ಸಿಗಲಿಲ್ಲ. ಈಗ ನಮಗೆ ದತ್ತು ಮಗಳಿದ್ದಾಳೆ. ಎರಡೂವರೆ-ಮೂರು ತಿಂಗಳಿಗೊಮ್ಮೆ ಟೆಸ್ಟೊಸ್ಟೆರಾನ್ ತಗೊಳ್ಳುತ್ತೇನೆ. ಅದು ಶುರುವಾದ ಮೇಲೆ ಮಧ್ಯಾಹ್ನ ಕಣ್ಣು ಎಳೆಯುವುದು ನಿಂತಿತು. ಅದಕ್ಕೂ ಮೊದಲು ನಾನು ಸೋಮಾರಿ ಅಂತ ನಾನೇ ನಂಬಿದ್ದೆ.

ಮಾತು ಟೀಚರ್ ಬರೆದದ್ದು ಓದಿ ಕಣ್ಣು ತುಂಬಿತು ಮೇಡಂ. ಶಾಲೆಯಲ್ಲಿ ಉತ್ತರ ಗೊತ್ತಿದ್ದೂ ಬಾಯಿಗೆ ಬರುತ್ತಿರಲಿಲ್ಲ. ಬರುವಷ್ಟರಲ್ಲಿ ಮೇಷ್ಟ್ರು ಪಕ್ಕದವನನ್ನು ಎಬ್ಬಿಸುತ್ತಿದ್ದರು.

ಅಕ್ಕ, ಇಂಜೆಕ್ಷನ್ ಕೊಡಿಸಿ, ಬಿಡಿ, ಅದು ನಿಮ್ಮಿಷ್ಟ. ನನ್ನ ಬೇಡಿಕೆ ಒಂದೇ. ಮಗನಿಗೆ ಚಿಕ್ಕಂದಿನಿಂದಲೇ ಸ್ವಲ್ಪ ಸ್ವಲ್ಪ ಹೇಳಿ. ಐದು ವರ್ಷಕ್ಕೆ "ನಿನ್ನ ಮೈಯಲ್ಲಿ ಒಂದು ಎಕ್ಸ್ ಜಾಸ್ತಿ ಇದೆ, ಅದಕ್ಕೇ ಮಾತಿನ ಟೀಚರ್ ಬರುವುದು" ಅಂದರೆ ಸಾಕು. ಹನ್ನೆರಡಕ್ಕೆ ಉಳಿದದ್ದು. ಅವನು ಇದನ್ನು ಮೇಜಿನ ಆಚೆ ಕೂತ ಅಪರಿಚಿತರಿಂದ ಕೇಳಬಾರದು.

ತುಮಕೂರು ಅಜ್ಜಿ · ಬುಧವಾರ

ನನ್ನ ಮೊಮ್ಮಗ ಟೈಪ್ ಮಾಡಿಕೊಡುತ್ತಿದ್ದಾನೆ. ನನ್ನ ಮಗಳ ಕೂಸಿಗೂ ಹೀಗೇ ಅಂತ ಹೇಳಿದ್ದಾರೆ. ಎಕ್ಸ್ ಎರಡಿದ್ದರೆ ಹೆಣ್ಣು ಅನ್ನುತ್ತಾರೆ. ಹಾಗಾದರೆ ಮಗು ಗಂಡೋ ಹೆಣ್ಣೋ? ಬೀಗರ ಕಡೆಯವರು ನನ್ನ ಮಗಳ ದೋಷ ಅಂತ ಮಾತಾಡುತ್ತಿದ್ದಾರೆ. ಇದು ತಾಯಿಯಿಂದ ಬರುವುದೇ?

ಮಕ್ಕಳ ಹಾರ್ಮೋನ್ ಡಾಕ್ಟರ್ · ಬುಧವಾರ

ಅಜ್ಜಿ, ನಮಸ್ಕಾರ. ಮಗು ಗಂಡು. ವೃಷಣ ಬೆಳೆಯಲು ಬೇಕಾದ ಜೀನ್ ವೈ ಕ್ರೋಮೋಸೋಮಿನಲ್ಲಿದೆ, ಎಕ್ಸ್ ಎಷ್ಟೇ ಇರಲಿ. ಅಂಡವೋ ವೀರ್ಯಾಣುವೋ ಆಗುವಾಗ ಕ್ರೋಮೋಸೋಮ್ ಸರಿಯಾಗಿ ಬೇರೆಯಾಗದೆ ಉಳಿದರೆ ಹೀಗಾಗುತ್ತದೆ. ಸುಮಾರು ಅರ್ಧ ಮಕ್ಕಳಲ್ಲಿ ಆ ಜಾಸ್ತಿ ಎಕ್ಸ್ ಬರುವುದು ತಂದೆಯಿಂದ, ಅರ್ಧ ತಾಯಿಯಿಂದ. ಯಾರೂ ಏನೂ ಮಾಡಿದ್ದರಿಂದ ಬಂದದ್ದಲ್ಲ. ಬಸುರಿಯಲ್ಲಿ ತಿಂದದ್ದು, ಗ್ರಹಣ ನೋಡಿದ್ದು, ಯಾವುದೂ ಅಲ್ಲ. ಬೀಗರಿಗೆ ಇದನ್ನೇ ಓದಿ ಹೇಳಿ. ಆರುನೂರು-ಏಳುನೂರು ಗಂಡುಮಕ್ಕಳಲ್ಲಿ ಒಬ್ಬರಿಗೆ ಇರುವ ವಿಷಯ ಇದು. ಅವರಲ್ಲಿ ಬಹಳ ಮಂದಿಗೆ ಜೀವನಪೂರ್ತಿ ಗೊತ್ತೇ ಆಗಲ್ಲ.

ಡೆನ್ವರ್ ಬಾಣಂತಿ · ಮುಂದಿನ ವಾರ, ಶುಕ್ರವಾರ

ಎಲ್ಲರಿಗೂ ಎಷ್ಟು ಹೇಳಿದರೂ ಕಡಿಮೆ. ನಿನ್ನೆ ಮತ್ತೆ ಹೋಗಿದ್ದೆವು. "ಅಳತೆ ತೆಗೆದಿದ್ದೀರಾ?" ಅಂತ ನಾನೇ ಕೇಳಿದೆ. ಮರದ ಸ್ಕೇಲಿನಂಥದ್ದನ್ನು ಮೂಳೆಗೆ ತಾಗುವವರೆಗೆ ಒತ್ತಿ ಹಿಡಿದು ಮೆಲ್ಲಗೆ ಅಳೆದರು. ಮೇಲೆ ಕೊಬ್ಬು ಮುಚ್ಚಿಕೊಂಡು ಚಿಕ್ಕದಾಗಿ ಕಾಣುತ್ತದಂತೆ. 3.4 ಸೆಂ.ಮೀ. ವೃಷಣ ಎರಡೂ ಕೆಳಗಿಳಿದಿವೆ. ಹಾಗಾದರೆ ಇಂಜೆಕ್ಷನ್ನಿಗೆ ವೈದ್ಯಕೀಯ ಕಾರಣ ಕಾಣಿಸುತ್ತಿಲ್ಲ ಅಂದರು. ನಮ್ಮವರು ಕಾರಿನಲ್ಲಿ ತುಂಬಾ ಹೊತ್ತು ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ "ಸರಿ, ಬೇಡ" ಅಂದರು. ಅವರಿಗೆ ಇನ್ನೂ ಪೂರ್ತಿ ಸಮಾಧಾನ ಇಲ್ಲ, ನನಗೆ ಗೊತ್ತು.

ಅರ್ಲಿ ಇಂಟರ್ವೆನ್ಷನ್‌ಗೆ ಹೆಸರು ಬರೆಸಿದೆವು. ಪಕ್ಕದ ಅರೋರಾದಲ್ಲಿ ಎಕ್ಸ್-ವೈ ಮಕ್ಕಳಿಗೇ ಅಂತ ಒಂದು ಕ್ಲಿನಿಕ್ ಇದೆ, ಅಲ್ಲಿಗೂ ದಿನ ಗೊತ್ತು ಮಾಡಿದ್ದೇವೆ. ಅತ್ತೆಗೂ ಹೇಳಿದೆ. ಅಜ್ಜಿಗೆ ಡಾಕ್ಟರು ಬರೆದದ್ದನ್ನೇ ಓದಿದೆ. ಎಲ್ಲ ಕೇಳಿ "ಮಾತು ನಾನು ಕಲಿಸ್ತೀನಿ ಬಿಡು" ಅಂದರು.

ಹುಬ್ಬಳ್ಳಿ ಹೊಸ ಅಪ್ಪ · ಶನಿವಾರ

ಇಡೀ ಚರ್ಚೆ ಓದಿದೆ. ನಮ್ಮ ಮಗುವಿಗೆ ಐದು ವಾರ. ಎಕ್ಸ್‌ಎಕ್ಸ್‌ವೈ ಅಂತ ರಿಪೋರ್ಟ್ ಬಂದಿದೆ. ಅಳತೆ 1.6 ಸೆಂ.ಮೀ. ಅಂತ ಬರೆದಿದ್ದಾರೆ. ನಾವೂ ಬೇಡ ಅಂತ ಬಿಡಬಹುದಾ?

ಮಕ್ಕಳ ಹಾರ್ಮೋನ್ ಡಾಕ್ಟರ್ · ಶನಿವಾರ

ಬಿಡಬೇಡಿ ಸರ್. ನಿಮ್ಮದು ಬೇರೆ. ಈ ವಾರವೇ ಮಕ್ಕಳ ಹಾರ್ಮೋನ್ ಡಾಕ್ಟರಿಗೆ ತೋರಿಸಿ. ಇಷ್ಟು ಚಿಕ್ಕದಿದ್ದರೆ ಎಕ್ಸ್‌ಎಕ್ಸ್‌ವೈ ಒಂದೇ ಕಾರಣ ಅಂತ ಕೂರುವ ಹಾಗಿಲ್ಲ, ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳನ್ನೂ ನೋಡಬೇಕು. ಮಗು ತೀರಾ ಮಂಕಾಗಿದ್ದರೆ, ಹಾಲು ಬಿಟ್ಟರೆ, ಕಾಮಾಲೆ ಇನ್ನೂ ಇಳಿದಿಲ್ಲದಿದ್ದರೆ, ಮೈ ನಡುಗಿದರೆ ಕಾಯಬೇಡಿ, ಆಗಲೇ ಹೋಗಿ ರಕ್ತದ ಸಕ್ಕರೆ ನೋಡಿಸಿ. ಟೆಸ್ಟೊಸ್ಟೆರಾನ್ ರಕ್ತಪರೀಕ್ಷೆಗೆ ಈಗಿನ ವಯಸ್ಸೇ ಸರಿಯಾದದ್ದು, ಆರು ತಿಂಗಳಾದ ಮೇಲೆ ಅದರಿಂದ ಏನೂ ತಿಳಿಯಲ್ಲ. ಅದೆಲ್ಲ ಆದ ಮೇಲೆ ಮೂರು ಇಂಜೆಕ್ಷನ್ ಬರೆದರೆ ಧೈರ್ಯವಾಗಿ ಕೊಡಿಸಿ.

ನ್ಯೂಜೆರ್ಸಿ ಮಲೆನಾಡು · ಶನಿವಾರ

ಅಣ್ಣಾ, ಒಂದು ಮಾತು ಸೇರಿಸುತ್ತೇನೆ. ಊರ ಕಡೆ, ಭಾರತದಲ್ಲಿ ಸಿಗುವ ಆಂಪ್ಯೂಲ್ ದೊಡ್ಡವರದ್ದು, ಒಂದು ಮಿ.ಲೀ.ನಲ್ಲಿ 250 ಮಿ.ಗ್ರಾಂ. ಇರುವುದೇ ಜಾಸ್ತಿ. ಹಾಗಿದ್ದರೆ ಕೂಸಿಗೆ 25 ಅಂದರೆ 0.1 ಮಿ.ಲೀ. ಮಾತ್ರ. ಇನ್ಸುಲಿನ್ ಸಿರಿಂಜಿನಂಥ ಸಣ್ಣ ಗೆರೆಗಳ ಸಿರಿಂಜ್ ಇದೆಯಾ ಅಂತ ಮೊದಲೇ ಕೇಳಿ. ನರ್ಸ್ ಔಷಧಿ ಎಳೆದ ಮೇಲೆ, ಕೊಡುವ ಮೊದಲು, ಡಾಕ್ಟರಿಗೂ ಒಂದು ಸಲ ತೋರಿಸಿ ಅಂತ ಹೇಳಿ. ಮಗು ಅಮ್ಮನ ತೊಡೆ ಮೇಲೇ ಇರಲಿ.